ಎಲಿಮಿನೇಷನ್ ಸುತ್ತಿನಲ್ಲಿ ಎಣಿಕೆಯಾಗುವುದು ಹಾಡೋ, ಊರೋ?



ಟಿ.ವಿ. ವಾಹಿನಿಗಳ ಹಾಡಿನ ಸ್ಪರ್ಧೆಗಳು ಕೊನೆಯ ಘಟ್ಟಕ್ಕೆ ಬಂದವೆಂದರೆ ನಮ್ಮ ಸಂಘದ ಫೋನಿಗೆ ಬಿಡುವಿಲ್ಲ. "ನಮ್ಮೂರಿನ ಹುಡುಗಿ ಡೇಂಜರ್ ಝೋನಿಗೆ ಬಂದಿದ್ದಾಳೆ ಮಾರಾಯ್ರೆ, ಸಂಘದ ಪುಟದಲ್ಲಿ ಒಂದು ಮನವಿ ಹಾಕಿ" ಎಂದು ಮಂಜೇಶ್ವರದ ಕಡೆಯಿಂದ ಒಬ್ಬರು. "ಸಾಹೇಬ್ರ, ನಮ್ಮ ಹುಡುಗ ಉಳೀಬೇಕಂದ್ರ ವೋಟ್ ಬೀಳಬೇಕ್ರಿ, ಎಲ್ಲಾ ಶಾಖೆಗೂ ಹೇಳ್ರಿ" ಎಂದು ಅಕ್ಕಲಕೋಟೆಯ ಕಡೆಯಿಂದ ಇನ್ನೊಬ್ಬರು. ಮನವಿ ಹಾಕಲಿಲ್ಲವೆಂದು ಬೇಸರಪಟ್ಟುಕೊಂಡು ಮುಂದಿನ ಸಭೆಗೆ ಬಾರದವರೂ ಇದ್ದಾರೆ. ಮತ ಕೇಳುವ ಇಂತಹ ಮನವಿಗಳನ್ನು ಪುಟದಲ್ಲಿ ಪ್ರಕಟಿಸುವುದು ಬೇಡವೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ತೀರ್ಮಾನವನ್ನು ಒಂದು ಸಾಲಿನಲ್ಲಿ ಬರೆದು ಸಹಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೇಳಿದವರು ನಮ್ಮವರೇ, ಅವರ ಅಭಿಮಾನದಲ್ಲಿ ಹುಳುಕಿಲ್ಲ. ಆದ್ದರಿಂದ ಕಾರಣಗಳನ್ನು ವಿವರವಾಗಿ ಮುಂದಿಡುತ್ತಿದ್ದೇವೆ. ಓದಿದ ಮೇಲೆ ಜಗಳವಾಡುವವರು ಆಡಲಿ.

ಮೊದಲು ಈ ಎಲಿಮಿನೇಷನ್ ಎಂಬುದು ಹೇಗೆ ನಡೆಯುತ್ತದೆ ನೋಡೋಣ. ಆಡಿಷನ್ ಮುಗಿದು ಆಯ್ಕೆಯಾದವರು ವಾರವಾರ ಹಾಡುತ್ತಾರೆ. ತೀರ್ಪುಗಾರರು ಅಂಕ ಕೊಡುತ್ತಾರೆ. ಅಂಕ ಕಡಿಮೆ ಬಂದವರನ್ನು ಒಂದು ಕಡೆ ನಿಲ್ಲಿಸುತ್ತಾರೆ. ಕೆಲವು ಕಾರ್ಯಕ್ರಮಗಳಲ್ಲಿ ಅವರಿಂದ ಇನ್ನೊಂದು ಹಾಡು ಹಾಡಿಸುತ್ತಾರೆ. ಬಳಿಕ ಒಬ್ಬರ ಹೆಸರು ಕರೆದು ಕಳುಹಿಸುತ್ತಾರೆ. ಈ ಹಂತದಲ್ಲಿ ಹಲವು ಕಾರ್ಯಕ್ರಮಗಳಲ್ಲಿ ವೀಕ್ಷಕರ ಮತಕ್ಕೆ ಜಾಗವೇ ಇರುವುದಿಲ್ಲ. ಕಂತುಗಳು ಪ್ರಸಾರಕ್ಕೆ ಮೊದಲೇ ಚಿತ್ರೀಕರಣವಾಗಿರುತ್ತವೆ. ನಾವು ಶನಿವಾರ ರಾತ್ರಿ ಉಸಿರು ಬಿಗಿಹಿಡಿದು ನೋಡುವ ಹೊತ್ತಿಗೆ ಆ ಮಗು ಮನೆಗೆ ಬಂದು ಶಾಲೆಗೂ ಹೋಗುತ್ತಿರಬಹುದು. ಆದ್ದರಿಂದ ಮತ ಕೊಡಿ ಎಂದು ಹಂಚುವ ಸಂದೇಶಗಳಲ್ಲಿ ಎಷ್ಟೋ ಸಲ ಮತದಾನವೇ ತೆರೆದಿರುವುದಿಲ್ಲ. ಮತ ಬರುವುದು ಸಾಮಾನ್ಯವಾಗಿ ಕೊನೆಯ ಕೆಲವು ವಾರಗಳಲ್ಲಿ, ಇಲ್ಲವೇ ಅಂತಿಮ ಸುತ್ತಿನಲ್ಲಿ. ಅಲ್ಲಿಂದ ಮುಂದೆ ಲೆಕ್ಕ ಬೇರೆಯಾಗುತ್ತದೆ.

ಮೊದಲಿಂದಲೂ ಹೀಗಿರಲಿಲ್ಲ. 1995ರಲ್ಲಿ ಝೀ ಟಿ.ವಿ.ಯಲ್ಲಿ ಸೋನು ನಿಗಮ್ ನಿರೂಪಣೆಯಲ್ಲಿ 'ಸಾ ರೆ ಗ ಮ' ಶುರುವಾದಾಗ ತೀರ್ಪು ಸಂಗೀತ ಬಲ್ಲ ಹಿರಿಯರದಾಗಿತ್ತು. ಆದವಾನಿ, ರಾಯದುರ್ಗ, ಮಡಕಶಿರಾದ ನಮ್ಮ ಸದಸ್ಯರಿಗೆ 1996ರಲ್ಲಿ ಈಟಿವಿ ತೆಲುಗಿನಲ್ಲಿ ಆರಂಭವಾದ 'ಪಾಡುತಾ ತೀಯಗಾ' ಚೆನ್ನಾಗಿ ನೆನಪಿರುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಮಕ್ಕಳ ಉಚ್ಚಾರಣೆ, ಸಾಹಿತ್ಯದ ಅರ್ಥ, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲವನ್ನೂ ತಿದ್ದುತ್ತಿದ್ದರು. ಹೊರಹೋಗುವ ಮಗುವಿಗೂ ಏನೋ ಒಂದು ಕಲಿತ ಸಮಾಧಾನ. ಅದನ್ನೇ ಅವರು ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ಮೂಲಕ ಮಾಡಿದರು. ತೆಲುಗು ನಾಡಿನಲ್ಲಿ ಹುಟ್ಟಿದ ಆ ಮನುಷ್ಯ ಕನ್ನಡದ ಮಕ್ಕಳ ಅಲ್ಪಪ್ರಾಣ ಮಹಾಪ್ರಾಣ ತಿದ್ದುವುದನ್ನು ನೋಡಿ ನಮ್ಮ ಗಡಿಭಾಗದ ಎಷ್ಟೋ ಶಿಕ್ಷಕರು ಮೆಚ್ಚಿ ಮಾತಾಡಿದ್ದುಂಟು.

ಬದಲಾವಣೆ ತಂದದ್ದು ಬ್ರಿಟನ್ನಿನಲ್ಲಿ 2001ರಲ್ಲಿ ಬಂದ 'ಪಾಪ್ ಐಡಲ್'. ಮರುವರ್ಷ ಅದು 'ಅಮೆರಿಕನ್ ಐಡಲ್' ಆಯಿತು. 2004ರಲ್ಲಿ ಸೋನಿ ವಾಹಿನಿಯಲ್ಲಿ 'ಇಂಡಿಯನ್ ಐಡಲ್' ಆಗಿ ನಮ್ಮ ದೇಶಕ್ಕೆ ಬಂತು. ಅದರ ಹೊಸತನ ಹಾಡಿನಲ್ಲಿ ಇರಲಿಲ್ಲ. ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬುದನ್ನು ನೋಡುವವರ ಕೈಗೆ ಕೊಟ್ಟದ್ದೇ ಹೊಸತು. ಪ್ರತಿ ಮತಕ್ಕೂ ಎಸ್ಸೆಮ್ಮೆಸ್ಸಿನ ದರ ಕೊಡಬೇಕಿತ್ತು ಎಂಬುದನ್ನು ಮರೆಯಬಾರದು. ಒಬ್ಬರಿಗೆ ಒಂದೇ ಮತ ಎಂಬ ಕಟ್ಟುಪಾಡೂ ಇರಲಿಲ್ಲ. ದುಡ್ಡಿದ್ದಷ್ಟು ಮತ. ಚುನಾವಣಾ ಕರ್ತವ್ಯ ಮಾಡಿ ಗೊತ್ತಿರುವ ನಮ್ಮಂಥ ಹಳೆಯ ಗುಮಾಸ್ತರಿಗೆ ಇದನ್ನು ಮತದಾನ ಎಂದು ಕರೆಯಲು ಇಂದಿಗೂ ಬಾಯಿ ಬರುವುದಿಲ್ಲ. ಬೆರಳಿಗೆ ಶಾಯಿ ಇಲ್ಲದ ಮತ ಎಂಥದ್ದು?

ಈ ಪದ್ಧತಿ ಏನು ಮಾಡಬಲ್ಲದು ಎಂಬುದಕ್ಕೆ 2007ರ ಮೂರನೆಯ 'ಇಂಡಿಯನ್ ಐಡಲ್' ಒಂದೇ ಸಾಕು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಯಾಕೆಂದರೆ ಅದು ನಮ್ಮಂತೆಯೇ ರಾಜ್ಯವೊಂದರ ಅಂಚಿನಲ್ಲಿ, ರಾಜ್ಯದ ಭಾಷೆಗಿಂತ ಬೇರೆ ಭಾಷೆ ಆಡಿಕೊಂಡು ಬದುಕುವ ಜನರ ಕಥೆ.

ಪ್ರಶಾಂತ್ ತಮಾಂಗ್ ಡಾರ್ಜಿಲಿಂಗಿನ ಹುಡುಗ. ತಂದೆ ಪೊಲೀಸ್ ಇಲಾಖೆಯಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಆ ಜಾಗದಲ್ಲಿ ಮಗನಿಗೆ ಕೋಲ್ಕತ್ತ ಪೊಲೀಸಿನಲ್ಲಿ ಕಾನ್‌ಸ್ಟೇಬಲ್ ಕೆಲಸ ಸಿಕ್ಕಿತು. ಅನುಕಂಪದ ನೌಕರಿಯ ಕಡತಗಳನ್ನು ನೋಡಿದವರಿಗೆ ಆ ಮನೆಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಪೊಲೀಸ್ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವನು ಸ್ಪರ್ಧೆಗೆ ಬಂದ. ಹಾಡುವುದೆಲ್ಲ ಹಿಂದಿಯಲ್ಲಿ. ತೀರ್ಪುಗಾರರ ಸಾಲಿನಲ್ಲಿ ಜಾವೇದ್ ಅಖ್ತರ್, ಅನು ಮಲಿಕ್, ಉದಿತ್ ನಾರಾಯಣ್, ಅಲಿಶಾ ಚಿನಾಯ್.

ಪಶ್ಚಿಮ ಬಂಗಾಳದಲ್ಲಿದ್ದೂ ನೇಪಾಳಿ ಆಡುವ ಆ ಬೆಟ್ಟದ ಜನರನ್ನು ದೇಶದ ಬೇರೆಡೆ ನೇಪಾಳದಿಂದ ಬಂದವರೆಂದೇ ತಿಳಿಯುತ್ತಾರೆ. ಅವರ ಭಾಷೆ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. ಕೊಂಕಣಿಯೂ ಮಣಿಪುರಿಯೂ ಅದೇ ತಿದ್ದುಪಡಿಯಲ್ಲಿ ಸೇರಿದವು ಎಂಬುದು ಗೋವೆಯ ನಮ್ಮ ಸದಸ್ಯರಿಗೆ ತಿಳಿದಿದೆ. ಪ್ರತ್ಯೇಕ ಗೂರ್ಖಾಲ್ಯಾಂಡ್ ಬೇಕೆಂದು 1980ರ ದಶಕದಲ್ಲಿ ದೊಡ್ಡ ಚಳವಳಿ ನಡೆದು, ಕೊನೆಗೆ ಒಂದು ಬೆಟ್ಟ ಮಂಡಳಿ ಸಿಕ್ಕಿ, ಸುಭಾಷ್ ಘೀಸಿಂಗ್ ಅದರ ಮುಖ್ಯಸ್ಥರಾಗಿ ಬಹುಕಾಲ ಆಳಿದ್ದರು. ಅಂಥ ಜನಕ್ಕೆ ದೇಶವೆಲ್ಲ ನೋಡುವ ಟಿ.ವಿ.ಯಲ್ಲಿ ತಮ್ಮ ಮುಖದ ಒಬ್ಬ ಹುಡುಗ, ವಾರವಾರ ಎಲಿಮಿನೇಷನ್ ದಾಟಿ ಬರುತ್ತಿದ್ದಾನೆ. ಊರಿಗೂರೇ ಎದ್ದು ನಿಂತಿತು. ಅಭಿಮಾನಿ ಸಂಘ ಹುಟ್ಟಿತು, ಚಂದಾ ಎತ್ತಿದರು, ಫೋನಿಲ್ಲದವರು ಬೂತುಗಳ ಮುಂದೆ ಸಾಲು ನಿಂತು ಮತ ಹಾಕಿದರು. ಸಿಕ್ಕಿಂ ಜೊತೆಗೂಡಿತು.

ಎದುರಿಗಿದ್ದವನು ಶಿಲ್ಲಾಂಗಿನ ಅಮಿತ್ ಪಾಲ್. ಅವನ ಕಥೆಯೂ ಅಂಚಿನದೇ. ಮೇಘಾಲಯದಲ್ಲಿ ಹುಟ್ಟಿ ಬೆಳೆದ ಬಂಗಾಳಿ. ಆ ಊರಿನಲ್ಲಿ 1979ರಿಂದ ಸ್ಥಳೀಯ ಬುಡಕಟ್ಟಿನವರಿಗೂ ಹೊರಗಿನವರೆನಿಸಿಕೊಂಡವರಿಗೂ ಆಗಾಗ ಘರ್ಷಣೆ ನಡೆದು ಹೆಣಗಳು ಬಿದ್ದಿದ್ದವು. ಅಲ್ಲಿಯೇ ಖಾಸಿ ಜನರೂ ಬಂಗಾಳಿಗಳೂ ಒಟ್ಟಿಗೆ ನಿಂತು ಅಮಿತನಿಗಾಗಿ ಬೀದಿಗಿಳಿದರು. ಆಗಿನ ಮುಖ್ಯಮಂತ್ರಿ ಡಿ.ಡಿ. ಲಪಾಂಗ್ ಅವನನ್ನು ಶಾಂತಿ ಸೌಹಾರ್ದದ ರಾಯಭಾರಿಯೆಂದು ಘೋಷಿಸಿದರು. ಸರ್ಕಾರದ ಸಮಿತಿಗಳಿಗೆ ಸುಲಭಕ್ಕೆ ಸಾಧ್ಯವಾಗದ್ದು ಒಂದು ಹಾಡಿನ ಸ್ಪರ್ಧೆಯಿಂದ ಕೆಲವು ತಿಂಗಳ ಮಟ್ಟಿಗಾದರೂ ಆಯಿತು. ಇದನ್ನು ಒಪ್ಪಿಕೊಳ್ಳಲೇಬೇಕು.

2007ರ ಸೆಪ್ಟೆಂಬರ್ 23ರಂದು ಪ್ರಶಾಂತ್ ಗೆದ್ದ. ಸುಮಾರು 7 ಕೋಟಿ ಮತ ಬಂದವೆಂದು ಆಗ ವರದಿಯಾಗಿತ್ತು. ಸಂಭ್ರಮ ವಾರವೂ ಉಳಿಯಲಿಲ್ಲ. ದೆಹಲಿಯ ರೇಡಿಯೋ ನಿರೂಪಕನೊಬ್ಬ ಗೂರ್ಖಾಗಳೆಲ್ಲ ಹಾಡಲು ಹೋದರೆ ಕಾವಲು ಕಾಯುವವರು ಯಾರು ಎಂಬರ್ಥದ ಕುಹಕ ಆಡಿದ. ಪ್ರತಿಭಟನೆ ಸಿಲಿಗುರಿಯಲ್ಲಿ ಗಲಭೆಯಾಯಿತು. ಜನ ಗಾಯಗೊಂಡರು, ಕರ್ಫ್ಯೂ ಹಾಕಿ ಸೇನೆ ಕರೆಸಬೇಕಾಯಿತು. ಇನ್ನೊಂದು ಕಡೆ, ಅಭಿಮಾನಿ ಸಂಘಟನೆಯಲ್ಲಿ ಮುಂದೆ ನಿಂತಿದ್ದ ಬಿಮಲ್ ಗುರುಂಗ್ ಅದೇ ಅಕ್ಟೋಬರಿನಲ್ಲಿ ತಮ್ಮ ಹಳೆಯ ನಾಯಕ ಘೀಸಿಂಗರನ್ನು ಬಿಟ್ಟು ಗೂರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಮರುವರ್ಷ ಘೀಸಿಂಗ್ ಅಧಿಕಾರ ಕಳೆದುಕೊಂಡರು. 2009ರಲ್ಲಿ ಮೋರ್ಚಾದ ಬೆಂಬಲದಿಂದ ಜಸ್ವಂತ್ ಸಿಂಗ್ ಡಾರ್ಜಿಲಿಂಗಿನಿಂದ ಲೋಕಸಭೆಗೆ ಆಯ್ಕೆಯಾದರು. ಹಾಡಿನಿಂದಲೇ ಇದೆಲ್ಲ ಹುಟ್ಟಿತೆಂದರೆ ತಪ್ಪಾಗುತ್ತದೆ. ಬೇಡಿಕೆ ಹಳೆಯದು, ಅಸಮಾಧಾನವೂ ಹಳೆಯದು. ಆದರೆ ಮನೆಮನೆಗೆ ಹೋಗಿ ಚಂದಾ ಎತ್ತಿ, ಹೆಸರು ಬರೆದುಕೊಂಡು, ಮತ ಹಾಕಿಸಿದ ಕೈಗಳಿಗೆ ತಮ್ಮ ಬಲ ಎಷ್ಟೆಂದು ತಿಳಿದದ್ದು ಆ ಎಲಿಮಿನೇಷನ್ ವಾರಗಳಲ್ಲಿ.

ಇನ್ನು ಲೆಕ್ಕ. ಜೀವಮಾನವೆಲ್ಲ ತಖ್ತೆ ತುಂಬಿದವರಿಗೆ ಅಂಕಿ ಕಂಡರೆ ಸುಮ್ಮನಿರಲಾಗದು. 2001ರ ಜನಗಣತಿಯಲ್ಲಿ ದೇಶದಲ್ಲಿ ನೇಪಾಳಿ ಮಾತೃಭಾಷೆಯವರು ಸುಮಾರು 28 ಲಕ್ಷ. ಹಸುಗೂಸುಗಳೂ ಸೇರಿ. ಒಟ್ಟು ಮತ 7 ಕೋಟಿ. ಎರಡೂ ಕಡೆಗೆ ಹಂಚಿದರೂ ಒಬ್ಬೊಬ್ಬರು ಎಷ್ಟು ಸಲ ಹಾಕಿರಬೇಕು ನೀವೇ ಊಹಿಸಿ. ಎಸ್ಸೆಮ್ಮೆಸ್ಸಿಗೆ ಎರಡೇ ರೂಪಾಯಿ ಎಂದು ಹಿಡಿದರೂ 14 ಕೋಟಿ ರೂಪಾಯಿ ಆಗುತ್ತದೆ. ಅದರಲ್ಲಿ ಚಹಾ ತೋಟದ ಕೂಲಿಯವರ ದುಡ್ಡೂ ಇತ್ತು.

ನಮ್ಮದೇ ಉದಾಹರಣೆ ಬೇಕೆಂದರೆ, ಹಾವೇರಿ ಜಿಲ್ಲೆಯ ಹನುಮಂತ. ಕುರಿ ಕಾಯುತ್ತಿದ್ದ ಹುಡುಗ ಝೀ ಕನ್ನಡದ 'ಸರಿಗಮಪ' ಹದಿನೈದನೆಯ ಆವೃತ್ತಿಯಲ್ಲಿ ಒಂದೊಂದೇ ಸುತ್ತು ದಾಟಿ 2019ರಲ್ಲಿ ಎರಡನೆಯ ಸ್ಥಾನಕ್ಕೆ ಬಂದ. ಮುಂದೆ 2025ರ ಜನವರಿಯಲ್ಲಿ 'ಬಿಗ್ ಬಾಸ್' ಹನ್ನೊಂದನೆಯ ಆವೃತ್ತಿ ಗೆದ್ದಾಗ ಅವನಿಗೆ 5 ಕೋಟಿಗೂ ಮಿಕ್ಕಿ ಮತ ಬಂತೆಂದು ವೇದಿಕೆಯಲ್ಲೇ ಘೋಷಿಸಿದರು. ಬಿಗ್ ಬಾಸ್ ಹಾಡಿನ ಕಾರ್ಯಕ್ರಮವಲ್ಲ, ಸರಿ. ಮತದ ಪದ್ಧತಿ ಒಂದೇ ಎಂಬ ಕಾರಣಕ್ಕೆ ಹೇಳುತ್ತಿದ್ದೇವೆ. 2011ರ ಜನಗಣತಿಯಲ್ಲಿ ಇಡೀ ದೇಶದ ಕನ್ನಡ ಮಾತೃಭಾಷಿಕರು 4 ಕೋಟಿ 37 ಲಕ್ಷ. ಅಂದರೆ ಎಣಿಸಿದ ಕನ್ನಡಿಗರಿಗಿಂತ ಹೆಚ್ಚು ಮತ ಒಬ್ಬನಿಗೇ! ಹನುಮಂತನ ಮೇಲೆ ನಮಗೆ ಪ್ರೀತಿಯೇ ಇದೆ, ಅವನ ಜನಪದ ಗಾಯನ ಕೇಳಿ ಚಪ್ಪಾಳೆ ತಟ್ಟಿದವರೇ ನಾವು. ಅಂಕಿಯನ್ನು ಮಾತ್ರ ಜನಸಂಖ್ಯೆಯೆಂದು ಓದಬಾರದು. ಈಗ ಆ್ಯಪಿನಲ್ಲಿ ದುಡ್ಡಿಲ್ಲದೆ ಮತ ಹಾಕಬಹುದು. ಆದರೆ ಒಂದೇ ಖಾತೆಯಿಂದ ಹಲವು ಮತ, ಒಂದೇ ಮನೆಯಲ್ಲಿ ಹಲವು ಖಾತೆ. ಕೂತು ಒತ್ತುವ ಬಿಡುವು ಯಾರಿಗಿದೆಯೋ ಅವರ ಮತ ಹೆಚ್ಚು.

ಈಗ ಗಡಿಯ ಅಂಕಿಗೆ ಬನ್ನಿ. ಅದೇ 2011ರ ಲೆಕ್ಕದಲ್ಲಿ ತಮಿಳುನಾಡಿನಲ್ಲಿ ಕನ್ನಡದವರು 12 ಲಕ್ಷಕ್ಕೂ ಮಿಕ್ಕಿ, ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ, ಕೇರಳದಲ್ಲಿ 1 ಲಕ್ಷಕ್ಕಿಂತ ಕಡಿಮೆ. ಕಾಸರಗೋಡಿನಲ್ಲಿ ತುಳು, ಕೊಂಕಣಿ, ಮರಾಟಿ ಮಾತಾಡುತ್ತಾ ಕನ್ನಡ ಶಾಲೆಗೆ ಹೋದವರು ಈ ಪಟ್ಟಿಗೆ ಸೇರುವುದಿಲ್ಲ, ಅದು ಬೇರೆಯೇ ದೂರು. ಹೇಗೇ ಕೂಡಿಸಿದರೂ ಜತ್ತದ ಒಬ್ಬ ಹುಡುಗನೂ ಬೆಂಗಳೂರಿನ ಒಬ್ಬ ಹುಡುಗನೂ ಕೊನೆಯ ಸುತ್ತಿನಲ್ಲಿ ಎದುರುಬದುರಾದರೆ ಊರಿನ ಕೈಬಲದಲ್ಲಿ ಯಾರು ಮುಂದೆಂದು ಹೇಳಬೇಕಾಗಿಲ್ಲ.

ಕೈಬಲಕ್ಕೂ ಮೊದಲು ಕಣ್ಣಿನ ಪ್ರಶ್ನೆ ಇದೆ. 2019ರಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದ ಮೇಲೆ ಚಾನೆಲ್‌ಗಳನ್ನು ನಾವೇ ಆರಿಸಿ ದುಡ್ಡು ಕೊಡಬೇಕು. ಕೇಬಲ್‌ನವರು, ಡಿಶ್‌ನವರು ಪ್ಯಾಕ್ ಮಾಡುವುದು ರಾಜ್ಯದ ಭಾಷೆ ನೋಡಿ. ಸೊಲ್ಲಾಪುರದಲ್ಲಿ ಮರಾಠಿ ಪ್ಯಾಕ್, ಹೊಸೂರಿನಲ್ಲಿ ತಮಿಳು ಪ್ಯಾಕ್, ಆದವಾನಿಯಲ್ಲಿ ತೆಲುಗು ಪ್ಯಾಕ್. ಕನ್ನಡದ ಮನರಂಜನಾ ವಾಹಿನಿ ಬೇಕಾದರೆ ಬಿಡಿಯಾಗಿ ಸೇರಿಸಿಕೊಳ್ಳಬೇಕು, ಅದಕ್ಕೆ ಬೇರೆ ದುಡ್ಡು. ಎಷ್ಟು ಮನೆಗಳು ಸೇರಿಸಿಕೊಂಡಾವು? ತಾತ ಕೇಳುತ್ತಾರೆ, ಮೊಮ್ಮಕ್ಕಳಿಗೆ ಬೇಡ, ರಿಮೋಟ್ ಮೊಮ್ಮಕ್ಕಳ ಕೈಯಲ್ಲಿ. ಹೀಗೆ ಕನ್ನಡ ಕಾರ್ಯಕ್ರಮದಲ್ಲಿ ಹಾಡುವ ತಮ್ಮೂರ ಮಗುವನ್ನು ತಮ್ಮೂರಲ್ಲೇ ಟಿ.ವಿ.ಯಲ್ಲಿ ನೋಡಲಾಗದೆ ತುಣುಕುಗಳನ್ನು ಫೋನಿನಲ್ಲಿ ನೋಡುವ ಸ್ಥಿತಿ ಎಷ್ಟೋ ಊರುಗಳಲ್ಲಿದೆ.

ನೋಡಿದರೂ ನಾವು ಎಣಿಕೆಗೆ ಬರುವುದಿಲ್ಲ. ಟಿ.ಆರ್.ಪಿ. ಅಳೆಯುವ ಬಾರ್ಕ್ ಸಂಸ್ಥೆ ಪ್ರಾದೇಶಿಕ ಮಾರುಕಟ್ಟೆಗಳನ್ನು ವಿಂಗಡಿಸಿರುವುದು ರಾಜ್ಯಗಳ ಪ್ರಕಾರ. ಕನ್ನಡ ವಾಹಿನಿಗಳ ಓಟವನ್ನು ನೋಡುವುದು ಕರ್ನಾಟಕದ ಅಂಕಿಯಲ್ಲಿ. ಸೊಲ್ಲಾಪುರದ ಕನ್ನಡ ಮನೆ ಮಹಾರಾಷ್ಟ್ರ-ಗೋವಾ ಲೆಕ್ಕಕ್ಕೆ, ಕಾಸರಗೋಡಿನದು ಕೇರಳದ ಲೆಕ್ಕಕ್ಕೆ, ರಾಯದುರ್ಗದ್ದು ಆಂಧ್ರ-ತೆಲಂಗಾಣದ ಲೆಕ್ಕಕ್ಕೆ. ಜಾಹೀರಾತು ಕೊಡುವವರು ಆ ಅಂಕಿ ನೋಡಿ ಕೊಡುತ್ತಾರೆ. ಹಾಗಾಗಿ ಗಡಿಯಾಚೆಯ ಸ್ಪರ್ಧಿಯನ್ನು ಉಳಿಸಿಕೊಂಡರೆ ಅವನ ಊರಿನಿಂದ ವಾಹಿನಿಗೆ ಲಾಭ ಬರುವುದು ಕಡಿಮೆ. ವಾಹಿನಿಯವರು ಬೇಕೆಂದೇ ಕೈಬಿಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಆರಂಭದ ಕಂತುಗಳಲ್ಲಿ ಗಡಿನಾಡ ಕನ್ನಡತಿ, ಹೊರನಾಡ ಕುವರ ಎಂದೆಲ್ಲ ಪರಿಚಯಿಸಿ, ಊರಿನ ಗುಡಿ, ಶಾಲೆ, ತೋಟ ತೋರಿಸಿ ಕಣ್ಣೀರೂ ಬರಿಸುತ್ತಾರೆ. ನಮ್ಮ ಕಡೆಯ 'ಎಂತ', 'ಹೌದ್ರಿ' ಕೇಳಿ ವೇದಿಕೆ ನಗುತ್ತದೆ. ಅದು ಪ್ರೀತಿಯ ನಗು ಎಂದೇ ಇಟ್ಟುಕೊಳ್ಳೋಣ. ಆದರೆ ಮತ ತೆರೆದ ದಿನ ಆ ಪ್ರೀತಿಯಿಂದ ಮಗು ಉಳಿಯುವುದಿಲ್ಲ.

ಹಾಗಾದರೆ ಭಾಷೆಯೇ ಎಲ್ಲವೇ? ಅಲ್ಲ. ಹೊಸೂರು, ತಾಳವಾಡಿಯವರು ನೋಡಿರುತ್ತೀರಿ, ವಿಜಯ್ ಟಿ.ವಿ.ಯ 'ಸೂಪರ್ ಸಿಂಗರ್ ಜೂನಿಯರ್' ನಾಲ್ಕನೆಯ ಆವೃತ್ತಿಯನ್ನು 2015ರಲ್ಲಿ ಗೆದ್ದವಳು ಬೆಂಗಳೂರಿನ ಹುಡುಗಿ ಸ್ಫೂರ್ತಿ. ಎರಡನೆಯ ಸ್ಥಾನಕ್ಕೆ ಬಂದ ಜೆಸ್ಸಿಕಾ ಕೆನಡಾದ ತಮಿಳು ಹುಡುಗಿ. ತನಗೆ ಸಿಕ್ಕ ಒಂದು ಕಿಲೋ ಚಿನ್ನವನ್ನು ಅನಾಥ ಮಕ್ಕಳಿಗೆ ಕೊಡುವೆನೆಂದು ವೇದಿಕೆಯಲ್ಲೇ ಹೇಳಿದಳು. ತಮಿಳು ಕಾರ್ಯಕ್ರಮದಲ್ಲಿ ಬೆಂಗಳೂರಿನ ಮಗುವಿಗೆ ಕಿರೀಟ ಸಿಕ್ಕಿದ್ದರ ಹಿಂದೆ ಹಾಡಿನ ಬಲವೇ ಇದ್ದಿರಬೇಕು. ಊರಿನ ಎಣಿಕೆಯನ್ನು ಹಾಡು ಮೀರಬಲ್ಲದು. ಅಪರೂಪಕ್ಕೆ, ಆದರೆ ಮೀರಬಲ್ಲದು.

ಹೊರಬಿದ್ದವರ ಕಥೆಯನ್ನೂ ನೋಡಬೇಕು. 2005ರಲ್ಲಿ ಸೋನಿಯಲ್ಲಿ 'ಫೇಮ್ ಗುರುಕುಲ್' ನಡೆದಾಗ ಶ್ರೀನಗರದ ಕಾಜಿ ತೌಕೀರ್ ಮತ್ತು ರೂಪರೇಖಾ ಗೆದ್ದರು. ಕಾಜಿಗೆ ಕಾಶ್ಮೀರದಿಂದ ಭಾರಿ ಬೆಂಬಲವಿತ್ತು. ಅಂತಿಮ ಹಂತಕ್ಕೆ ಮುಂಚೆಯೇ ಹೊರಬಿದ್ದ ಒಬ್ಬ ಬಂಗಾಳದ ಹುಡುಗನ ಹೆಸರು ಅರಿಜಿತ್ ಸಿಂಗ್. ಮುಂದಿನದನ್ನು ಹೇಳಬೇಕಾಗಿಲ್ಲ. 2004ರ 'ಅಮೆರಿಕನ್ ಐಡಲ್'ನಲ್ಲಿ ಏಳನೆಯ ಸ್ಥಾನಕ್ಕೆ ಹೊರಬಿದ್ದ ಜೆನಿಫರ್ ಹಡ್ಸನ್ 2007ರಲ್ಲಿ ಆಸ್ಕರ್ ಪ್ರಶಸ್ತಿ ತೆಗೆದುಕೊಂಡರು. ಇಂದು ಕನ್ನಡ 'ಸರಿಗಮಪ'ದಲ್ಲಿ ತೀರ್ಪುಗಾರರಾಗಿ ಕೂರುವ ನಮ್ಮ ಮೈಸೂರಿನ ವಿಜಯ್ ಪ್ರಕಾಶ್ 1999ರಲ್ಲಿ ಹಿಂದಿ 'ಸಾ ರೆ ಗ ಮ'ದ ಅಂತಿಮ ಸುತ್ತಿನ ಸ್ಪರ್ಧಿಯಾಗಿದ್ದವರು. ಸೊಲ್ಲಾಪುರದ ಹಿರಿಯ ಸದಸ್ಯರು ಇಂಥ ಮಾತು ಬಂದಾಗ ಭೀಮಸೇನ ಜೋಶಿಯವರನ್ನು ನೆನೆಯುತ್ತಾರೆ. ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಅಲೆದು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಕಲಿತು, ಮುಂದೆ ಮರಾಠಿಯ ಅಭಂಗ ಹಾಡಿ ಮಹಾರಾಷ್ಟ್ರದ ಮನೆಮಾತಾದವರು. ಹದಿನಾಲ್ಕು ವಾರಗಳಲ್ಲಿ ಅದು ಆಗುವುದಿಲ್ಲ ಬಿಡಿ.

ಇಷ್ಟಾದರೂ ಹೊರಬಿದ್ದವರೆಲ್ಲ ಅರಿಜಿತ್ ಆಗುತ್ತಾರೆಂದು ಸಮಾಧಾನ ಹೇಳುವುದು ಸುಳ್ಳು. ಹೆಚ್ಚಿನವರು ಮನೆಗೆ ಬರುತ್ತಾರೆ, ಅಷ್ಟೆ. ನಮಗೆ ಚಿಂತೆ ಇರುವುದು ಇಲ್ಲಿ. ಹತ್ತು ಹನ್ನೆರಡು ವರ್ಷದ ಮಗುವಿಗೆ ಎರಡು ತಿಂಗಳು ಊರಿಡೀ ಬ್ಯಾನರ್, ಶಾಲೆಯಲ್ಲಿ ಸನ್ಮಾನ, ಪಂಚಾಯತ್ ಅಧ್ಯಕ್ಷರಿಂದ ಶಾಲು. ಮತ ಬೀಳಲಿಲ್ಲ ಎಂಬ ಸುದ್ದಿ ಬಂದ ಮರುದಿನ ಅದೇ ರಸ್ತೆಯಲ್ಲಿ ಸೈಕಲ್ ಹೊಡೆಯಬೇಕು. ತಾನು ಸರಿಯಾಗಿ ಹಾಡಲಿಲ್ಲವೋ, ತನ್ನ ಊರಿಗೆ ತಾನು ಬೇಡವಾದೆನೋ ಎಂದು ಆ ಮಗುವಿಗೆ ತಿಳಿಯುವುದು ಹೇಗೆ? 2008ರಲ್ಲಿ ಕೋಲ್ಕತ್ತದಲ್ಲಿ ಒಂದು ನೃತ್ಯ ಸ್ಪರ್ಧೆಯಿಂದ ಹೊರಬಿದ್ದ 16 ವರ್ಷದ ಹುಡುಗಿ ತೀರ್ಪುಗಾರರ ಕಟು ಮಾತಿನ ಬಳಿಕ ಮಾತೇ ನಿಂತು ಆಸ್ಪತ್ರೆ ಸೇರಿದ ಸುದ್ದಿ ದೇಶವನ್ನೇ ತಲ್ಲಣಗೊಳಿಸಿತ್ತು. ನಾವು ಸಂಘದ ಪುಟದಲ್ಲಿ ನಮ್ಮ ಮಗುವನ್ನು ಉಳಿಸಿ, ಇದು ಗಡಿ ಕನ್ನಡಿಗರ ಮಾನದ ಪ್ರಶ್ನೆ ಎಂದು ಹಾಕಿದರೆ ಆ ಮಾನದ ಭಾರ ಹೊರುವುದು ಆ ಪುಟ್ಟ ಹೆಗಲೇ. ಮಹಾಜನ ವರದಿ, ಶಾಲೆ ಮುಚ್ಚುವುದು, ಶಿಕ್ಷಕರ ನೇಮಕ, ಇವೆಲ್ಲ ದೊಡ್ಡವರಿಗೇ ಬಗೆಹರಿಸಲಾಗದ್ದು. ಅದನ್ನು ಒಂದು ಹಾಡಿನ ಸುತ್ತಿನ ಮೇಲೆ ಇಡುವುದು ನ್ಯಾಯವಲ್ಲ ಎಂಬುದೇ ಸಮಿತಿಯ ತೀರ್ಮಾನದ ಮುಖ್ಯ ಕಾರಣ.

ಮತದ ವ್ಯವಹಾರದ ಇನ್ನೊಂದು ಮುಖವನ್ನೂ ದಾಖಲಿಸುತ್ತೇವೆ. 'ಕೌನ್ ಬನೇಗಾ ಕರೋಡ್‌ಪತಿ'ಯ ವೀಕ್ಷಕರ ಸ್ಪರ್ಧೆಯೊಂದರಲ್ಲಿ ಪ್ರತಿ ಎಸ್ಸೆಮ್ಮೆಸ್ಸಿಗೆ 2 ರೂಪಾಯಿ 40 ಪೈಸೆ ತೆಗೆದುಕೊಂಡು ಅದರಿಂದಲೇ ಬಹುಮಾನ ಕೊಡಲಾಗಿದೆ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 1 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಮುಂದೆ ಸುಪ್ರೀಂ ಕೋರ್ಟ್ ಸಾಕ್ಷ್ಯ ಸಾಲದೆಂದು ಆ ಆದೇಶವನ್ನು ರದ್ದುಪಡಿಸಿತು. ಕಾನೂನಿನಲ್ಲಿ ಅದು ಅಲ್ಲಿಗೆ ಮುಗಿಯಿತು. ನಮ್ಮ ಸದಸ್ಯರ ಜೇಬಿನ ಲೆಕ್ಕ ಮಾತ್ರ ನಾವೇ ಇಡಬೇಕು. ಮತ ಹಾಕಿಸಲು ಚಂದಾ ಎತ್ತುವ ಯಾವುದೇ ಪ್ರಯತ್ನಕ್ಕೆ ಸಂಘದ ಹೆಸರು, ಮೊಹರು, ರಸೀದಿ ಪುಸ್ತಕ ಬಳಸುವಂತಿಲ್ಲ. ಶಾಖೆಗಳ ಖಜಾಂಚಿಗಳು ಇದನ್ನು ಗಮನಿಸಬೇಕು.

ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವ ತಂದೆತಾಯಿಯರು ಒಂದು ನಿಯಮ ತಿಳಿದಿರಲಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ 14 ವರ್ಷದೊಳಗಿನ ಬಾಲ ಕಲಾವಿದರಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ತೊಡಗಿಸುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿಯನ್ನು ನಿರ್ಮಾಪಕರು ಪಡೆಯಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡ 20ನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಪೂರ್ತಿ ಓದಿ, ಒಂದು ನಕಲು ಕೇಳಿ ಪಡೆಯಿರಿ. ಅರ್ಥವಾಗದಿದ್ದರೆ ನಮ್ಮ ಬಳಿ ತನ್ನಿ, ಕೂತು ಓದಿ ಹೇಳುತ್ತೇವೆ. ಅಷ್ಟು ಕೆಲಸ ನಮಗೆ ಬರುತ್ತದೆ.

ಮತದ ಮನವಿ ಹಾಕುವುದಿಲ್ಲ ಎಂದರೆ ಮಗುವಿನ ಬಗ್ಗೆ ಬರೆಯುವುದೇ ಇಲ್ಲ ಎಂದಲ್ಲ. ಗಡಿಭಾಗದಿಂದ ಆಯ್ಕೆಯಾದ ಪ್ರತಿಯೊಬ್ಬರ ಹೆಸರು, ಊರು, ಕಲಿಸಿದ ಗುರುಗಳ ಹೆಸರು, ತಂದೆತಾಯಿ ಒಪ್ಪಿದರೆ, ಈ ಪುಟದಲ್ಲಿ ಬರುತ್ತದೆ. ಕಾರ್ಯಕ್ರಮ ಎಂದು ಎಷ್ಟು ಗಂಟೆಗೆ ಎಂಬುದನ್ನೂ ಹಾಕುತ್ತೇವೆ. ನೋಡುವವರು ನೋಡಲಿ, ಹಾಡು ಇಷ್ಟವಾದರೆ ಮತ ಹಾಕಲಿ, ಅದು ಅವರವರ ವಿವೇಚನೆ. ನಿಮ್ಮ ಕೇಬಲ್ ಅಥವಾ ಡಿಶ್ ಪ್ಯಾಕಿನಲ್ಲಿ ಯಾವ ಕನ್ನಡ ವಾಹಿನಿ ಇದೆ, ಯಾವುದಕ್ಕೆ ಬೇರೆ ದುಡ್ಡು ಕೊಡುತ್ತಿದ್ದೀರಿ ಎಂಬ ವಿವರವನ್ನು ಶಾಖಾ ಕಾರ್ಯದರ್ಶಿಗಳು ಸಂಗ್ರಹಿಸಿ ಕಳುಹಿಸಬೇಕೆಂದು ಕೋರುತ್ತೇವೆ. ಊರುವಾರು ತಖ್ತೆ ಮಾಡಿ ಟ್ರಾಯ್‌ಗೂ ಸೇವೆ ಕೊಡುವವರಿಗೂ ಬರೆಯಲಿದ್ದೇವೆ. ಗಡಿಭಾಗದ ಪ್ಯಾಕಿನಲ್ಲಿ ಒಂದೆರಡು ಕನ್ನಡ ವಾಹಿನಿ ಸೇರಿಸಿ ಎಂಬ ಬೇಡಿಕೆಗೆ ಅಂಕಿ ಇದ್ದರೆ ಬಲ ಬರುತ್ತದೆ.

ಸ್ಪರ್ಧೆಯಲ್ಲಿ ಯಾವ ಸುತ್ತಿನಲ್ಲೇ ಹೊರಬಂದಿರಲಿ, ಆಡಿಷನ್ನಿನಲ್ಲೇ ವಾಪಸು ಬಂದಿರಲಿ, ಅಂಥ ಮಕ್ಕಳಿಗೆ ಈ ವರ್ಷದ ರಾಜ್ಯೋತ್ಸವದ ಸಂಜೆ ನಮ್ಮ ಎಲ್ಲ ಶಾಖೆಗಳ ವೇದಿಕೆಯಲ್ಲಿ ಹಾಡಲು ಸಮಯ ಇಟ್ಟಿದ್ದೇವೆ. ತಲಾ ಎರಡು ಹಾಡು, ಒಂದು ಕನ್ನಡದ್ದು, ಇನ್ನೊಂದು ಅವರಿರುವ ರಾಜ್ಯದ ಭಾಷೆಯದೂ ಆಗಬಹುದು. ಅಂಕವಿಲ್ಲ. ತಬಲಾ, ಹಾರ್ಮೋನಿಯಂ ನುಡಿಸುವವರ ಖರ್ಚು ಸಂಘದ್ದು, ಹಾಡುವವರ ಬಸ್ ಚಾರ್ಜು ಶಾಖೆಯದು. ಹೆಸರುಗಳನ್ನು ಮಗುವಿನ ವಯಸ್ಸು ಮತ್ತು ತಂದೆತಾಯಿಯರ ಒಪ್ಪಿಗೆ ಪತ್ರದೊಂದಿಗೆ ಅಕ್ಟೋಬರ್ 15ರೊಳಗೆ ಆಯಾ ಶಾಖಾ ಕಾರ್ಯದರ್ಶಿಗೆ ಕೊಡಬೇಕು. ಕರೋಕೆ ತರುವವರು ಪೆನ್‌ಡ್ರೈವ್ ಮೊದಲೇ ಪರೀಕ್ಷಿಸಿ ತರುವುದು.

- ಕಾರ್ಯದರ್ಶಿ